ಐವತ್ತಮೂರರಲ್ಲಿ ಸರಳೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಈ ಮೂರು ವರ್ಷಗಳಲ್ಲಿ ನನಗೆ ಹೇಳದ ಬಂಧುಗಳಿಲ್ಲ. ಮೂಗಿನ ಮೇಲೆ ಕನ್ನಡಕ, ಬಾಯಲ್ಲಿ ಎರಡು ಕಟ್ಟಿಸಿದ ಹಲ್ಲು, ವಯಸ್ಸು 53. ಇಷ್ಟನ್ನು ಇಟ್ಟುಕೊಂಡು ಆಲ್ಟೊ ಕ್ಲಾರಿನೆಟ್ ಕಲಿಯಲು ಹೊರಟವನಿಗೆ ಅವರಾದರೂ ಬೇರೇನು ಹೇಳಿಯಾರು? ಆದರೆ ನಮ್ಮಂತೆ ಊರು ಬಿಟ್ಟು ಬಂದ ಸಂಸಾರಗಳಲ್ಲಿ, "ಇನ್ನು ಈ ವಯಸ್ಸಿನಲ್ಲಿ ಸಂಗೀತವೆ?" ಎಂದು ಆಸೆಯನ್ನು ಅದುಮಿಕೊಂಡವರು ಹಲವರಿರಬಹುದು. ಅಂಥವರಿಗಾಗಿ ಈ ನಾಲ್ಕು ಮಾತು.

ಕಲಿಯಬೇಕೆಂಬ ಹುಚ್ಚು ಹಿಡಿದದ್ದು ಸಂತೋಷದಿಂದಲ್ಲ. ನಮ್ಮ ತಾಯಿ ಪುತ್ತೂರಿನ ಕಡೆಯವರು. ತಂದೆಯವರ ಉದ್ಯೋಗದ ನಿಮಿತ್ತ ತ್ರಿಪ್ಪುಣಿತ್ತುರಕ್ಕೆ ಬಂದು ಇಲ್ಲಿಯೇ ನೆಲೆ ನಿಂತರು. ಮಲೆಯಾಳ ಕಲಿತರು, ಓಣಂ ಹಬ್ಬಕ್ಕೆ ಅಂಗಳದಲ್ಲಿ ಹೂವನ್ನೂ ಇಟ್ಟರು. ಆದರೆ ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಅವರ ಬಾಯಿಂದ ಹೊರಡುತ್ತಿದ್ದುದು ಕನ್ನಡ ದೇವರನಾಮ. ಅದರ ಧಾಟಿ ಅವರಿಗೆ ಅವರ ತಾಯಿಯಿಂದ ಬಂದದ್ದು. ಅಮ್ಮ ತೀರಿಕೊಂಡ ವರ್ಷ ಶ್ರಾವಣದ ಮೊದಲ ಶನಿವಾರ ದೀಪ ಹಚ್ಚಿ ಎಲ್ಲರೂ ಸುಮ್ಮನೆ ನಿಂತೆವು. ಹಾಡುವವರು ಯಾರೂ ಇರಲಿಲ್ಲ. ಮನೆಯವರೊಬ್ಬರು ಮೊಬೈಲಿನಲ್ಲಿ ಅದೇ ದೇವರನಾಮವನ್ನು ಹಚ್ಚಿದರು. ಸಾಹಿತ್ಯ ಅದೇ, ಹಾಡಿದವರೂ ದೊಡ್ಡ ವಿದ್ವಾಂಸರೇ. ಆದರೆ ಅದು ನಮ್ಮ ಮನೆಯ ಹಾಡಾಗಿರಲಿಲ್ಲ.

ಸಾಹಿತ್ಯ ಪುಸ್ತಕದಲ್ಲಿ ಸಿಕ್ಕೀತು, ಧಾಟಿ ಸಿಕ್ಕದು. ಅಮ್ಮನ ಧಾಟಿ ಉಳಿದಿದ್ದುದು ಎರಡೇ ಕಡೆ: ಊರಿನಲ್ಲಿರುವ ಅಕ್ಕನ ಕಿವಿಯಲ್ಲಿ, ಮತ್ತು ನನ್ನ ಕಿವಿಯಲ್ಲಿ. ಅಕ್ಕನಿಗೆ ಈಗ ಉಬ್ಬಸ. ಒಂದು ಸಾಲು ಹಾಡಿದರೆ ಎರಡು ನಿಮಿಷ ಸುಧಾರಿಸಿಕೊಳ್ಳಬೇಕು. ನನಗೋ, ಶಾರೀರವೇ ಇಲ್ಲ. ಬಾಯಿಂದ ಆಗದ್ದನ್ನು ವಾದ್ಯದಿಂದಲಾದರೂ ಹಿಡಿದಿಡೋಣ ಎಂದುಕೊಂಡೆ. ಅದೇ ಸಮಯಕ್ಕೆ ಅಮೆರಿಕದಿಂದ ಬಂದ ಸೋದರಳಿಯ, ಅಲ್ಲಿ ಯಾರೋ ಬಳಸಿ ಬಿಟ್ಟಿದ್ದ ಪ್ಲಾಸ್ಟಿಕ್ಕಿನ ಆಲ್ಟೊ ಕ್ಲಾರಿನೆಟ್ ಒಂದನ್ನು ತಂದುಕೊಟ್ಟ.

ಈ ವಾದ್ಯವನ್ನು ನಮ್ಮಲ್ಲಿ ಹೆಚ್ಚು ಜನ ಕಂಡಿಲ್ಲ. ಕ್ಲಾರಿನೆಟ್ ಹುಟ್ಟಿದ್ದು 1700ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ, ಡೆನ್ನರ್ ಎಂಬ ವಾದ್ಯಗಾರನ ಕೈಯಲ್ಲಿ. ಆಲ್ಟೊ ಅದರ ದೊಡ್ಡ ಒಡಹುಟ್ಟು, 19ನೆಯ ಶತಮಾನದ್ದು. ಸ್ಯಾಕ್ಸೋಫೋನನ್ನು ರಚಿಸಿ 1846ರಲ್ಲಿ ಅದರ ಹಕ್ಕು ಪಡೆದ ಅಡಾಲ್ಫ್ ಸ್ಯಾಕ್ಸ್, ಆಲ್ಟೊ ಕ್ಲಾರಿನೆಟ್ಟನ್ನು ತಿದ್ದಿದವರಲ್ಲಿ ಒಬ್ಬ. ಬಾಯಿಯ ಬಳಿ ಬಾಗಿದ ಲೋಹದ ಕತ್ತು, ತುದಿಯಲ್ಲಿ ಮೇಲಕ್ಕೆ ತಿರುಗಿದ ಲೋಹದ ಬಾಯಿ. ಸಾಮಾನ್ಯ ಕ್ಲಾರಿನೆಟ್ಟಿಗಿಂತ ಐದು ಸ್ವರ ಕೆಳಗಿನ ದನಿ. ಪಾಶ್ಚಾತ್ಯ ಗಾಯನದಲ್ಲಿ ಹೆಂಗಸರ ತಗ್ಗಿನ ಶಾರೀರಕ್ಕೆ ಆಲ್ಟೊ ಎನ್ನುತ್ತಾರೆ. ಅಮ್ಮನದೂ ತಗ್ಗಿನ ಶಾರೀರವೇ.

ವಾದ್ಯವೇನೋ ಬಂತು, ಗುರು ಎಲ್ಲಿ? ನಮ್ಮ ಊರಿನಲ್ಲಿ ಸಂಗೀತಕ್ಕೆ ಬಡತನವಿಲ್ಲ. ಆರ್.ಎಲ್.ವಿ. ಸಂಗೀತ ಮತ್ತು ಲಲಿತಕಲಾ ಕಾಲೇಜು ಇಲ್ಲಿದೆ. ಯೇಸುದಾಸರು ಕಲಿತ ಜಾಗ. ಪೂರ್ಣತ್ರಯೀಶನ ಗುಡಿಯಲ್ಲಿ ವೃಶ್ಚಿಕೋತ್ಸವದ ಎಂಟು ದಿನ ಚೆಂಡೆ ಮೇಳ, ಪಂಚವಾದ್ಯ, ಕಛೇರಿ. ಆದರೆ ಕ್ಲಾರಿನೆಟ್ ಸಿಕ್ಕಿದ್ದು ಅಲ್ಲಿ ಅಲ್ಲ, ಬ್ಯಾಂಡ್ ಸೆಟ್ಟಿನಲ್ಲಿ. ಇಗರ್ಜಿಗಳ ಹಬ್ಬದಲ್ಲಿ ಮೆರವಣಿಗೆಯ ಮುಂದೆ ಊದುತ್ತ ಮುಪ್ಪಾದ ಹಿರಿಯರೊಬ್ಬರು ಒಪ್ಪಿಕೊಂಡರು. ಅವರನ್ನು ಎಲ್ಲರೂ ಆಶಾನ್ ಎನ್ನುತ್ತಾರೆ. ನನಗೂ ಅವರು ಆಶಾನ್, ಅವರಿಗೆ ನಾನು ಸಾರ್.

ಮೊದಲ ದಿನ ಆಶಾನ್ ವಾದ್ಯವನ್ನು ಮುಟ್ಟಲೇ ಇಲ್ಲ. "ಸಾರ್, ನಿಮ್ಮ ಅಮ್ಮನ ಹಾಡು ಹಾಡಿ" ಎಂದರು. ಹಾಡಲು ಬಾರದೆಂದೇ ಇಲ್ಲಿಗೆ ಬಂದದ್ದು ಎಂದೆ. "ಕೆಟ್ಟದಾಗಿ ಹಾಡಿ, ಪರವಾಗಿಲ್ಲ. ಬಾಯಿಗೆ ಬಾರದ್ದು ಈ ಕೊಳವೆಗೆ ಬಾರದು" ಎಂದರು. ನಾನು ನಾಚಿಕೆ ಬಿಟ್ಟು ಹಾಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

ಆ ಮಾತಿನ ಬೆಲೆ ನನಗೆ ತಿಳಿದದ್ದು ಆಮೇಲೆ, ದೊಡ್ಡವರ ಚರಿತ್ರೆ ಓದಿದಾಗ. ರಾಯಚೂರಿನ ಕಡೆಯ ವಡವಾಟಿಯಲ್ಲಿ ಹುಟ್ಟಿ ಹಿಂದುಸ್ತಾನಿ ಕ್ಲಾರಿನೆಟ್ಟಿನಲ್ಲಿ ಹೆಸರಾದ ನರಸಿಂಹಲು ವಡವಾಟಿಯವರ ಗುರು ಸಿದ್ಧರಾಮ ಜಂಬಲದಿನ್ನಿಯವರು, ವಚನಗಾಯನಕ್ಕೆ ಪ್ರಸಿದ್ಧರಾದ ಹಾಡುಗಾರರು. ಕರ್ನಾಟಕ ಸಂಗೀತದಲ್ಲಿ ಕ್ಲಾರಿನೆಟ್ಟಿಗೆ ಕಛೇರಿಯ ಪೀಠ ದೊರಕಿಸಿದ ಎ.ಕೆ.ಸಿ. ನಟರಾಜನ್ ಅವರೂ ಹಾಡುಗಾರಿಕೆಯನ್ನು ಶಾಸ್ತ್ರೋಕ್ತವಾಗಿ ಕಲಿತವರು. ಇನ್ನು ಕದ್ರಿ ಗೋಪಾಲನಾಥರು ನಮ್ಮವರೇ, 1949ರಲ್ಲಿ ಬಂಟ್ವಾಳದ ಕಡೆಯ ಸಜಿಪದಲ್ಲಿ ಹುಟ್ಟಿದವರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತ ಮೇಲೆ ಅವರು ಮದರಾಸಿನಲ್ಲಿ ಶಿಷ್ಯರಾದದ್ದು ಟಿ.ವಿ. ಗೋಪಾಲಕೃಷ್ಣನ್ ಅವರಿಗೆ. ಆ ಹೆಸರಿನ ಮೊದಲಕ್ಷರ ಏನೆಂದುಕೊಂಡಿರಿ? ತ್ರಿಪ್ಪುಣಿತ್ತುರವೇ! 1932ರಲ್ಲಿ ಈ ಊರಿನಲ್ಲಿ ಹುಟ್ಟಿದವರು ಅವರು. ಚೆಂಬೈ ಅವರ ಶಿಷ್ಯರು. ಹಾಡುಗಾರರು, ಮೃದಂಗ ವಿದ್ವಾಂಸರು. ಸ್ಯಾಕ್ಸೋಫೋನ್ ವಾದಕರಲ್ಲ. ಆಗಲೆ ವಾದ್ಯ ಕೈಗೆ ಬಂದಿದ್ದ ಕನ್ನಡಿಗನೊಬ್ಬ ಮತ್ತೆ ಶಿಷ್ಯನಾಗಿ ನಮ್ಮ ಊರಿನ ಹಾಡುಗಾರರೊಬ್ಬರ ಮುಂದೆ ಕುಳಿತ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮನೇಡ್ ಉತ್ಸವದಲ್ಲಿ ಅದೇ ಗೋಪಾಲನಾಥರು ನುಡಿಸಿದರು. ವಾದ್ಯವನ್ನು ಬೆರಳು ಕಲಿತೀತು, ಸಂಗೀತವನ್ನು ಬಾಯಿಯೇ ಕಲಿಸಬೇಕು.

ಬೆರಳಿನ ಪಾಡೇನೂ ಸುಲಭವಲ್ಲ ಎಂಬುದನ್ನೂ ಹೇಳಬೇಕು. ಮೊದಲ ತಿಂಗಳು ಬರೀ ದೀರ್ಘ ಸ್ವರ. ಕೆಳದುಟಿಯನ್ನು ಕೆಳ ಹಲ್ಲಿನ ಮೇಲೆ ತುಸು ಮಡಚಿ, ಮೇಲಿನ ಹಲ್ಲನ್ನು ಊರಿ, ಕೆನ್ನೆ ಉಬ್ಬಿಸದೆ ಊದಬೇಕು. ಹತ್ತು ನಿಮಿಷಕ್ಕೆ ತುಟಿ ಸೋತು ಗಾಳಿ ಪಕ್ಕದಿಂದ ಸೋರುತ್ತಿತ್ತು. ಕಟ್ಟಿಸಿದ ಹಲ್ಲಿಗೆ ನಡುಕ ತಾಗದಂತೆ ಆಶಾನ್ ಬಾಯಿಪಟ್ಟಿಯ ಮೇಲೆ ರಬ್ಬರಿನ ಸಣ್ಣ ತುಂಡೊಂದನ್ನು ಅಂಟಿಸಿಕೊಟ್ಟರು. ಆಗಾಗ ವಾದ್ಯ ಕೀಚೆಂದು ಕಿರುಚುತ್ತಿತ್ತು. ನೆರೆಮನೆಯ ನಾಯಿ ತಪ್ಪದೆ ಉತ್ತರ ಕೊಡುತ್ತಿತ್ತು.

ಎರಡನೆಯ ತಿಂಗಳು ಸರಳೆ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ ಎಂಬ ಈ ಪಾಠಕ್ರಮವನ್ನು ಹಾಕಿಕೊಟ್ಟವರು ನಮ್ಮ ಪುರಂದರದಾಸರು ಎಂಬುದು ಸಂಪ್ರದಾಯ. ಈ ಊರಿನಲ್ಲಿ ಯಾವ ಮಲೆಯಾಳಿ ಮಗು ಕರ್ನಾಟಕ ಸಂಗೀತ ಕಲಿಯಲು ಕುಳಿತರೂ ಮೊದಲ ಪಾಠ ದಾಸರದೇ. ಅದನ್ನು ನಾನು ಐವತ್ತಮೂರರಲ್ಲಿ ಶುರುಮಾಡಿದೆ. ಸ ರಿ ಗ ಮ ಪ ದ ಎಂದು ಮೇಲೆ ಹತ್ತುತ್ತ ಬಂದೆ, ನಿ ಬಾರದು!

ಕಾರಣ ವಾದ್ಯದ ಕಟ್ಟಡದಲ್ಲಿದೆ. ಕೊಳಲಿನಲ್ಲಿ, ಸ್ಯಾಕ್ಸೋಫೋನಿನಲ್ಲಿ ಉಸಿರನ್ನು ಬಿಗಿದು ಏರಿಸಿದರೆ ಅದೇ ಬೆರಳಿಗೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ. ಕ್ಲಾರಿನೆಟ್ ಒಂದು ಕಡೆ ಮುಚ್ಚಿದ, ನೇರ ಕೊರೆದ ಕೊಳವೆ. ಅದರಲ್ಲಿ ಹೆಬ್ಬೆರಳಿನ ಕೀಲಿ ಒತ್ತಿದರೆ ಷಡ್ಜ ಹಿಡಿದ ಬೆರಳಿಗೆ ಮೇಲಿನ ಸ್ಥಾಯಿಯ ಪಂಚಮ ಬರುತ್ತದೆ. ಹಾಗಾಗಿ ಕೆಳಗಿನ ಮನೆಗೂ ಮೇಲಿನ ಮನೆಗೂ ಬೆರಳಿನ ಲೆಕ್ಕ ಬೇರೆ. ನಡುವೆ ಒಂದು ಸಂದು. ಎರಡೂವರೆಯ ಶ್ರುತಿಯಲ್ಲಿ ಸರಳೆ ನುಡಿಸಿದರೆ ಪಂಚಮಕ್ಕೆ ಎಲ್ಲ ಬೆರಳೂ ಮೇಲೆ, ದೈವತಕ್ಕೆ ಎಡದ ತೋರುಬೆರಳು ಮಾತ್ರ. ನಿಷಾದಕ್ಕೆ ಎರಡೂ ಕೈಯ ಬೆರಳುಗಳು ಒಮ್ಮೆಲೆ ಇಳಿದು ಎಲ್ಲ ಮುಚ್ಚಳಗಳನ್ನೂ ಮುಚ್ಚಬೇಕು. ಒಂದು ಮುಚ್ಚಳ ಕೂದಲೆಳೆಯಷ್ಟು ತೆರೆದಿದ್ದರೂ ಕಿರುಚು.

ಅಮ್ಮನ ಶ್ರುತಿ ಐದು. ಆ ಶ್ರುತಿಯಲ್ಲಿ ಸಂದು ಬೀಳುವುದು ಮಧ್ಯಮಕ್ಕೂ ಪಂಚಮಕ್ಕೂ ನಡುವೆ, ಎಂದರೆ ಹಾಡಿನ ಎದೆಯಲ್ಲೇ. ಆಶಾನ್ ಮೊದಲು ಶ್ರುತಿ ಇಳಿಸಿ, ಹಾಡೆಲ್ಲ ಸಂದಿನ ಕೆಳಗೇ ನಿಲ್ಲುವಂತೆ ಮಾಡಿಕೊಟ್ಟರು. ಒಂದು ವರ್ಷದೊಳಗೆ ಹಾಗೆ ನುಡಿಸಿದೆ. ಫೋನಿನಲ್ಲಿ ಕೇಳಿದ ಅಕ್ಕ ಹೇಳಿದ್ದು ಇಷ್ಟು: "ಚೆನ್ನಾಗಿದೆ ಮಾರಾಯ, ಆದರೆ ಅಪ್ಪ ಹಾಡಿದ ಹಾಗೆ ಕೇಳುತ್ತದೆ." ನಮ್ಮ ತಂದೆಯವರು ಹಾಡಿದ್ದೇ ಇಲ್ಲ!

ಸರಿ, ಸಂದು ದಾಟಲೇಬೇಕಾಯಿತು. ಮಧ್ಯಮ, ಪಂಚಮ, ಮಧ್ಯಮ, ಪಂಚಮ. ದಿನಕ್ಕೆ ಅರ್ಧ ಗಂಟೆ, ಐದು ತಿಂಗಳು. ಬರಿಯ ತೂತುಗಳಿರುವ ಸಣ್ಣ ಕ್ಲಾರಿನೆಟ್ಟಿನಲ್ಲಿ ಬೆರಳನ್ನು ಜಾರಿಸಿ ಗಮಕ ತರಬಹುದು. ನನ್ನ ಆಲ್ಟೊದಲ್ಲಿ ಬೆರಳಿಗೂ ತೂತಿಗೂ ನಡುವೆ ಲೋಹದ ಮುಚ್ಚಳ. ಗಮಕವನ್ನು ತುಟಿಯಿಂದ, ಉಸಿರಿನಿಂದಲೇ ತರಬೇಕು. ಆಗ ದಾರಿ ತೋರಿದ್ದು ಆ ಮೊದಲ ದಿನದ ಮಾತು. ಮೊದಲು ಬಾಯಲ್ಲಿ ಗುನುಗುವುದು, ಗಂಟಲು ಹೇಗೆ ಬಾಗಿತೆಂದು ನೋಡಿಕೊಳ್ಳುವುದು, ಆಮೇಲೆ ಊದುವುದು. ಮಕ್ಕಳಿಗೆ ಬೆರಳು ಬೇಗ ಬಗ್ಗುತ್ತದೆ, ನಿಜ. ಆದರೆ ಐವತ್ತು ವರ್ಷ ಕೇಳಿದ ಹಾಡು ಮಕ್ಕಳ ಕಿವಿಯಲ್ಲಿ ಇರುವುದಿಲ್ಲ. ಆ ಮೂಲಧನ ನಮ್ಮದು.

ಕಲಿಯಬಯಸುವವರಿಗೆ ಅನುಭವದ ಕೆಲವು ಮಾತು. ಮೊದಲು ಸಾಮಾನ್ಯ ಕ್ಲಾರಿನೆಟ್ಟಿನಿಂದ ಆರಂಭಿಸುವುದು ಮೇಲು. ಆಲ್ಟೊ ಭಾರ, ಕುತ್ತಿಗೆಗೆ ಪಟ್ಟಿ ಬೇಕು, ಅದಕ್ಕೆ ತಕ್ಕ ರೀಡೂ ಎಲ್ಲ ಅಂಗಡಿಯಲ್ಲಿ ಸಿಕ್ಕದು. ನಮ್ಮ ಕರಾವಳಿಯ ಹವೆಗೆ ಪ್ಲಾಸ್ಟಿಕ್ಕಿನ ವಾದ್ಯ ಸಾಕು. ರೀಡು ಎರಡು ಅಥವಾ ಎರಡೂವರೆ ನಂಬರಿನದಿರಲಿ. ನಾಲ್ಕನ್ನು ಇಟ್ಟುಕೊಂಡು ಸರದಿಯಲ್ಲಿ ಬಳಸಿ. ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ಒರಸಿ, ರೀಡನ್ನು ಬಿಚ್ಚಿ ಒಣಗಿಸಿ. ಮಳೆಗಾಲದಲ್ಲಿ ಒಂದು ರಾತ್ರಿ ಮರೆತರೂ ಬೂಷ್ಟು ಹಿಡಿದೀತು. ಭಾನುವಾರ ಮೂರು ಗಂಟೆ ಊದುವುದಕ್ಕಿಂತ ದಿನವೂ ಇಪ್ಪತ್ತು ನಿಮಿಷ ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಈ ಶನಿವಾರವೇ ಅವರ ಹಾಡನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ನಾನು ಆ ಕೆಲಸ ಮಾಡಲಿಲ್ಲ.

ಕಳೆದ ಶ್ರಾವಣದಲ್ಲಿ ದೀಪ ಹಚ್ಚಿದ ಮೇಲೆ ಐದರ ಶ್ರುತಿಯಲ್ಲಿ ನುಡಿಸಿದೆ. ಒಂದು ಕಡೆ ಕಿರುಚಿತು. ಫೋನಿನ ಆಚೆ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಮೂರನೆಯ ಸಾಲಿನಲ್ಲಿ ಅಮ್ಮ ಅಷ್ಟು ಮೇಲೆ ಹೋಗುತ್ತಿರಲಿಲ್ಲ, ತಿದ್ದಿಕೋ" ಎಂದಳು.

ನನ್ನ ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಆಡುತ್ತಾಳೆ, ಓದಲು ಬಾರದು. ಆ ರಾತ್ರಿ ಪುಸ್ತಕ, ಪೆನ್ನು ಹಿಡಿದು ಬಂದು, "ಅಪ್ಪ, ಅಜ್ಜಿಯ ಹಾಡಿನ ಮಾತು ಒಂದೊಂದಾಗಿ ಹೇಳಿ, ಬರೆದುಕೊಳ್ಳುತ್ತೇನೆ" ಎಂದಳು. ಹೇಳುತ್ತ ಹೋದೆ. ಅವಳು ಬರೆದದ್ದು ಮಲೆಯಾಳದ ಅಕ್ಷರದಲ್ಲಿ. ಬರೆದು ಮುಗಿಸಿ, ನಾನು ಕಿರುಚಿದ ಆ ಸಾಲನ್ನು ಮೆಲ್ಲಗೆ ಹಾಡಿದಳು. ಅಕ್ಕ ಹೇಳಿದಂತೆಯೇ, ಮೇಲೆ ಹೋಗದೆ.