ಕವಾಟಕ್ಕೆ ಹಿಡಿವ ಮಸಿ

ಪಾಲಾರಿನಿಂದ ಮಹದೇಶ್ವರ ಬೆಟ್ಟದ ಘಾಟಿಯನ್ನು ಹತ್ತುವ ಬೆಲೆಬಾಳುವ ಕಾರೊಂದು ಏದುಸಿರು ಬಿಟ್ಟರೆ, ಅದರ ಕವಾಟಗಳಿಗೆ ಇಂಗಾಲ ಮೆತ್ತಿದೆಯೇ ಎಂದು ನಾವು ವಿಚಾರಿಸಬೇಕು. ಸಾಮಾನ್ಯ ಇಂಜಿನ್ನಿನಲ್ಲಿ ಪೆಟ್ರೋಲು ಗಾಳಿಯೊಡನೆ ಬೆರೆತು ಒಳಹೋಗುವಾಗ ಕವಾಟವನ್ನು ತೊಳೆಯುತ್ತದೆ. 1954ರ ಮರ್ಸಿಡಿಸ್ 300 ಎಸ್‌ಎಲ್‌ನಲ್ಲಿ ಕಾಣಿಸಿಕೊಂಡು, ಇಂದು ಅನೇಕ ಐಷಾರಾಮಿ ಕಾರುಗಳಲ್ಲಿರುವ ನೇರ ಸಿಂಪಡಣೆಯಲ್ಲಿ ಇಂಧನವು ಸಿಲಿಂಡರಿನೊಳಕ್ಕೇ ಚಿಮ್ಮುತ್ತದೆ. ಕವಾಟಕ್ಕೆ ಆ ಸ್ನಾನವಿಲ್ಲ. ಇಂಜಿನ್ನಿನ ತಳದಿಂದ ಮರಳುವ ಎಣ್ಣೆಯ ಆವಿ ಅದರ ಬಿಸಿಮೈಗೆ ಅಂಟಿ, ಬೆಂದು ಕರಿಯ ಪದರವಾಗುತ್ತದೆ. ಗಾಳಿಯ ದಾರಿ ಕಿರಿದಾದರೆ ಬಲ ಕುಂದದಿರುವುದೆ?

ಪೆಟ್ರೋಲಿಗೆ ಬೆರೆಸುವ ಶೋಧಕ ದ್ರವವು ಅಲ್ಲಿಗೆ ತಲಪಲಾರದು. ಆದುದರಿಂದ ಗಾಳಿಯ ಕೊಳವೆಯನ್ನು ಕಳಚಿ, ಕವಾಟ ಮುಚ್ಚಿರುವಾಗ ಆಕ್ರೋಟಿನ ಚಿಪ್ಪಿನ ತರಿಯನ್ನು ಗಾಳಿಯೊತ್ತಡದಿಂದ ಎರಚುತ್ತಾರೆ. ಅದು ಮಸಿಯನ್ನು ಕೆರೆಯುತ್ತದೆ, ಲೋಹವನ್ನು ಗೀರದು. ತಯಾರಕರು ಸೂಚಿಸಿದ ಎಣ್ಣೆಯನ್ನೇ ಬಳಸಿ, ಸಕಾಲದಲ್ಲಿ ಬದಲಿಸುತ್ತಿದ್ದರೆ ಮಸಿ ನಿಧಾನವಾಗಿ ಬೆಳೆಯುತ್ತದೆ.