ನಮ್ಮ ಸೀಮೆಯ ಕಲ್ಲುಗಳು, ನಾವು ಕಟ್ಟುವ ದೇವಾಲಯ

(ನವೆಂಬರ್ 9: ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬ)



ಪ್ರತಿವರ್ಷ ನವೆಂಬರ್ 9ರಂದು ಧರ್ಮಸಭೆಯು ಒಂದು ಕಟ್ಟಡದ ಹಬ್ಬವನ್ನು ಆಚರಿಸುತ್ತದೆ. ಅದು ರೋಮಿನ ಲ್ಯಾಟರನ್ ಮಹಾದೇವಾಲಯ. ಸಂಪ್ರದಾಯದ ಪ್ರಕಾರ ಕ್ರಿ.ಶ. 324ರಲ್ಲಿ ಜಗದ್ಗುರು ಒಂದನೆಯ ಸಿಲ್ವೆಸ್ತರ್ ಅವರು ಅದನ್ನು ಪ್ರತಿಷ್ಠಾಪಿಸಿದರು. ರೋಮಿನ ಧರ್ಮಾಧ್ಯಕ್ಷರಾದ ಜಗದ್ಗುರುಗಳ ಪ್ರಧಾನಾಲಯವೂ ಅದೇ.

ಕಲ್ಲು-ಗಾರೆಯ ಕಟ್ಟಡಕ್ಕೆ ಹಬ್ಬವೇಕೆ ಎಂದು ಮಕ್ಕಳು ಕೇಳಿದರೆ ಆಶ್ಚರ್ಯವಿಲ್ಲ. ಕಟ್ಟಡವೆಂದರೆ ಬರಿಯ ಕಲ್ಲಲ್ಲ. ಕಟ್ಟಿದವರ ಕೈಗೆ ಏನು ಸಿಕ್ಕಿತು, ಅಲ್ಲಿ ಯಾರು ಕೂಡಬೇಕಿತ್ತು, ಅವರು ಯಾವುದನ್ನು ದೊಡ್ಡದೆಂದು ಬಗೆದಿದ್ದರು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಕಟ್ಟಡವೂ ಉತ್ತರ ಕೊಡುತ್ತದೆ. ಲೋಕದ ವಾಸ್ತುಶೈಲಿಗಳೆಲ್ಲ ಹುಟ್ಟಿದ್ದು ಈ ಮೂರರಿಂದಲೇ. ಇದನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯನ್ನು ಒಮ್ಮೆ ಸುತ್ತಿ ಬಂದರೆ ಸಾಕು.

ಕಲ್ಲಿನ ಮೇಲೆ ಕಲ್ಲು

ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡವನ್ನು ಹತ್ತಿದರೆ ಸುಮಾರು 400 ಶಿಲಾಸಮಾಧಿಗಳ ಒಂದು ಊರೇ ಕಾಣುತ್ತದೆ. ಜನ ಅವನ್ನು ಮೊರ್ಯರ ಮನೆಗಳೆಂದು ಕರೆಯುತ್ತಾರೆ. ಎರಡು ಸಾವಿರ ವರ್ಷಗಳಿಗೂ ಹಿಂದೆ, ಕಬ್ಬಿಣ ಯುಗದ ಜನ ತಮ್ಮ ಸತ್ತವರಿಗಾಗಿ ಅವನ್ನು ಕಟ್ಟಿದರು. ಸುತ್ತಲೂ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದನ್ನು ಹೊದಿಸಿದರೆ ಮನೆ ಆಯಿತು. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿಯೂ ಉಂಟು. ಪದರಾಗಿ ಬಿಡುವ ಗ್ರಾನೈಟ್ ಬಂಡೆ ಅಲ್ಲೇ ಇತ್ತು. ಸತ್ತವರನ್ನು ಮರೆಯಬಾರದೆಂಬ ಪ್ರೀತಿಯೂ ಇತ್ತು. 2021ರಲ್ಲಿ ಈ ತಾಣ ಯುನೆಸ್ಕೊದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ನಿಂತ ಕಲ್ಲಿನ ಮೇಲೆ ಮಲಗಿದ ಕಲ್ಲು ಎಂಬ ಈ ಸರಳ ಉಪಾಯವನ್ನೇ ಈಜಿಪ್ಟಿನವರು ಕಾರ್ನಾಕ್ ದೇಗುಲದಲ್ಲೂ, ಗ್ರೀಕರು ಕ್ರಿ.ಪೂ. 5ನೇ ಶತಮಾನದಲ್ಲಿ ಅಥೆನ್ಸಿನ ಪಾರ್ಥೆನಾನಿನಲ್ಲೂ ಬಳಸಿದರು. ಆದರೆ ಇದಕ್ಕೊಂದು ಮಿತಿಯಿದೆ. ಕಲ್ಲು ಭಾರವನ್ನು ಹೊರಬಲ್ಲದು, ಬಾಗಲಾರದು. ತೊಲೆ ಉದ್ದವಾದರೆ ನಡುವೆ ಬಿರುಕು ಬಿಡುತ್ತದೆ. ಆದ್ದರಿಂದ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಬೇಕು. ಹಳೆಯ ಕಲ್ಲು ಮಂಟಪಗಳಲ್ಲಿ ಕಂಬಗಳೇ ತುಂಬಿರುವುದಕ್ಕೆ ಕಾರಣ ಇದು.

ಕಲ್ಲು ಬದಲಾದಾಗ

ಯಲಬುರ್ಗಾ ಸೀಮೆಯ ಕುಕನೂರಿನಲ್ಲಿರುವ ನವಲಿಂಗ ದೇವಾಲಯ 9ನೇ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಒಂಬತ್ತು ಗುಡಿಗಳು ಅಲ್ಲಿ ಒತ್ತಾಗಿ ಕೂಡಿಕೊಂಡಿವೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಅವುಗಳ ಶಿಖರ ದ್ರಾವಿಡ ಶೈಲಿಯದು.

ಅದೇ ಸೀಮೆಯ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾಗಿದ್ದ ಮಹಾದೇವನು 1112ರಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದನು. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಹೊಗಳಿದೆ. ಕುಕನೂರಿಗೂ ಇಟಗಿಗೂ ನಡುವೆ ಎರಡು ಶತಮಾನಕ್ಕೂ ಹೆಚ್ಚಿನ ಅಂತರ. ಈ ಅವಧಿಯಲ್ಲಿ ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲನ್ನು ಹಿಡಿದಿದ್ದರು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಅದರಿಂದಲೇ ತಿರುಗಣೆಯಲ್ಲಿ ಕಡೆದು ನುಣುಪಾಗಿಸಿದ ಕಂಬಗಳು ಬಂದವು, ಬಾಗಿಲುವಾಡದ ಮೇಲೆ ಬಳ್ಳಿಗಳು ಹಬ್ಬಿದವು. ದ್ರಾವಿಡ ಶಿಖರದ ಮೇಲೆ ಉತ್ತರದ ನಾಗರ ಶೈಲಿಯ ನೆನಪೂ ಮೂಡಿತು. ಕಲ್ಲು ಬದಲಾಯಿತು, ಕೈಚಳಕ ಬದಲಾಯಿತು, ಶೈಲಿಯೂ ಬದಲಾಯಿತು. ಆದರೂ ಹಳೆಯದನ್ನು ಬಿಟ್ಟುಕೊಡಲಿಲ್ಲ.

ಕಮಾನಿನ ಬುದ್ಧಿ

ತೊಲೆಯ ಮಿತಿಯನ್ನು ದಾಟಲು ಮನುಷ್ಯ ಕಂಡುಕೊಂಡ ದಾರಿ ಕಮಾನು. ಓರೆಯಾಗಿ ಕೆತ್ತಿದ ಕಲ್ಲುಗಳನ್ನು ಬಿಲ್ಲಿನಂತೆ ಜೋಡಿಸಿದರೆ ಒಂದನ್ನೊಂದು ಒತ್ತಿಹಿಡಿದು ನಿಲ್ಲುತ್ತವೆ. ಕಮಾನನ್ನು ಸುತ್ತಲೂ ತಿರುಗಿಸಿದರೆ ಗುಮ್ಮಟ. ರೋಮನ್ನರು 2ನೇ ಶತಮಾನದಲ್ಲಿ ಪ್ಯಾಂಥಿಯನ್ ಮೇಲೆ ಸುಮಾರು 43 ಮೀಟರ್ ವ್ಯಾಸದ ಗುಮ್ಮಟವನ್ನು ನಿಲ್ಲಿಸಿದರು. ನಮ್ಮ ವಿಜಯಪುರದ ಗೋಳಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅದು 1656ರ ಹೊತ್ತಿನ ಕೆಲಸ. ನಡುವೆ ಒಂದೇ ಒಂದು ಕಂಬವಿಲ್ಲ.

ಈ ಕಮಾನು ಧರ್ಮದ ಗಡಿಗಳನ್ನೂ ದಾಟಿತು. ಆನೆಗೊಂದಿಯ ಗಗನ ಮಹಲಿನಲ್ಲಿ ದಖ್ಖನಿನ ಮುಸಲ್ಮಾನ ಕುಶಲಕರ್ಮಿಗಳ ಕಮಾನು ಶೈಲಿ ವಿಜಯನಗರದ ಶೈಲಿಯೊಡನೆ ಬೆರೆತಿದೆ. ಕೊಪ್ಪಳದ ಕೋಟೆಯನ್ನು ಟಿಪ್ಪು ಸುಲ್ತಾನನು 1786ರಲ್ಲಿ ಪಾಳೆಯಗಾರನಿಂದ ಪಡೆದು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದನು. ಗುಡ್ಡ ನಮ್ಮದು, ಕಲ್ಲು ನಮ್ಮದು, ಲೆಕ್ಕಾಚಾರದಲ್ಲಿ ಒಂದಿಷ್ಟು ಹೊರಗಿನದು. ಯಾವ ನಾಗರಿಕತೆಯೂ ಒಂಟಿಯಾಗಿ ಕಟ್ಟಲಿಲ್ಲ.

ಮಾಳಿಗೆ ಮನೆಯ ಪಾಠ

ಅರಸರು ಕಟ್ಟಿಸಿದ್ದನ್ನು ಮಾತ್ರ ವಾಸ್ತುಶೈಲಿ ಎನ್ನುವುದು ತಪ್ಪು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಮಾಳಿಗೆ ಮನೆಗಳನ್ನು ನೋಡಿರಿ. ದಪ್ಪ ಗೋಡೆ, ಕಂಬ, ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಬೆಳಕಿಂಡಿಯಿಂದ ಬೆಳಕು ಇಳಿಯುತ್ತದೆ, ಬಿಸಿಗಾಳಿ ಹೊರಗೆ ಹೋಗುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಎಂಬುದಕ್ಕೆ ನಮ್ಮ ಹಿರಿಯರು ಕೊಟ್ಟ ಉತ್ತರ ಅದು. ಮಳೆ ಸುರಿಯುವ ಮಂಗಳೂರಿನಲ್ಲಿ ಇಳಿಜಾರು ಹೆಂಚಿನ ಮಾಡು ಬೇಕು. ಇಲ್ಲಿ ಮಾಳಿಗೆ ಸಾಕು. ಅಲ್ಲಿಯದನ್ನು ಇಲ್ಲಿ, ಇಲ್ಲಿಯದನ್ನು ಅಲ್ಲಿ ಕಣ್ಣುಮುಚ್ಚಿ ತಂದಿಟ್ಟರೆ ಕಷ್ಟ ಪಡುವವರು ಒಳಗಿರುವವರೇ.

ಧರ್ಮಸಭೆ ಎರವಲು ಪಡೆದ ಮನೆ

ಈಗ ಲ್ಯಾಟರನ್‌ಗೆ ಮರಳೋಣ. ಮೊದಲ ಮೂರು ಶತಮಾನಗಳ ಕ್ರೈಸ್ತರು ಹೆಚ್ಚಾಗಿ ಮನೆಗಳಲ್ಲಿ ಕೂಡುತ್ತಿದ್ದರು. 313ರಲ್ಲಿ ಸ್ವಾತಂತ್ರ್ಯ ಸಿಕ್ಕಿದ ಮೇಲೆ ದೊಡ್ಡ ಆಲಯಗಳು ಬೇಕಾದವು. ರೋಮನ್ ದೇಗುಲ ಅದಕ್ಕೆ ಒದಗಲಿಲ್ಲ. ಅಲ್ಲಿ ಒಳಗೆ ಮೂರ್ತಿ, ಜನರೆಲ್ಲ ಹೊರಗೆ. ಕ್ರೈಸ್ತರಿಗೆ ಬೇಕಾದದ್ದು ಎಲ್ಲರೂ ಒಳಗೆ ಕೂಡಿ ವಾಕ್ಯವನ್ನು ಕೇಳುವ, ಬಲಿಪೂಜೆಯಲ್ಲಿ ಪಾಲುಗೊಳ್ಳುವ ಜಾಗ. ಅವರು ಆರಿಸಿಕೊಂಡದ್ದು ಬಸಿಲಿಕ, ಅಂದರೆ ನ್ಯಾಯ ವಿಚಾರಣೆ ಮತ್ತು ವ್ಯವಹಾರ ನಡೆಯುತ್ತಿದ್ದ ಸಾರ್ವಜನಿಕ ಸಭಾಂಗಣ. ಎರಡು ಸಾಲು ಕಂಬಗಳ ಆ ಉದ್ದನೆಯ ಅಂಗಳದ ತುದಿಯಲ್ಲಿ, ನ್ಯಾಯಾಧಿಪತಿ ಕೂರುತ್ತಿದ್ದ ಅರ್ಧಗೋಲದ ಕಡೆಗೆ, ಬಲಿಪೀಠ ಬಂತು.

ಮುಂದೆ 12ನೇ ಶತಮಾನದಲ್ಲಿ ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್‌ನಲ್ಲಿ ಮಠಾಧಿಪತಿ ಸೂಜರ್ ಅವರು ಗೋಥಿಕ್ ಶೈಲಿಗೆ ನಾಂದಿ ಹಾಡಿದರು. ಚೂಪು ಕಮಾನುಗಳು ಭಾರವನ್ನು ಕೆಳಗಿಳಿಸಿದ್ದರಿಂದ ಗೋಡೆ ತೆಳುವಾಯಿತು, ಬಣ್ಣದ ಗಾಜಿನ ದೊಡ್ಡ ಕಿಟಕಿಗಳು ಬಂದವು. ಬಿಸಿಲು ಅಪರೂಪವಾದ ನಾಡಿಗೆ ಅದು ಬೆಳಕಿನ ಹಬ್ಬ. ಮೈಸೂರಿನ ಸಂತ ಫಿಲೋಮಿನಾ ಆಲಯ 20ನೇ ಶತಮಾನದಲ್ಲಿ ಅದೇ ಶೈಲಿಯಲ್ಲಿ ಎದ್ದಿತು.

ಲ್ಯಾಟರನ್ ಕೂಡ ಒಂದೇ ರೂಪದಲ್ಲಿ ಉಳಿಯಲಿಲ್ಲ. ಬೆಂಕಿ, ಭೂಕಂಪಗಳಿಗೆ ಸಿಕ್ಕಿ ಮತ್ತೆ ಮತ್ತೆ ಎದ್ದಿತು. ಇಂದಿನ ಒಳಾಂಗಣ 17ನೇ ಶತಮಾನದಲ್ಲಿ ಬೊರೊಮಿನಿ ರೂಪಿಸಿದ್ದು. ಮುಂಭಾಗ 1735ರ ಹೊತ್ತಿಗೆ ಮುಗಿದದ್ದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೂಜಾವಿಧಿಯ ಬಗ್ಗೆ ಹೊರಡಿಸಿದ ಸಂವಿಧಾನದಲ್ಲಿ, ಯಾವುದೇ ಒಂದು ಕಲಾಶೈಲಿಯನ್ನು ಧರ್ಮಸಭೆ ತನ್ನ ಸ್ವಂತದ್ದೆಂದು ಹಿಡಿದಿಲ್ಲ, ಆಯಾ ಜನರ, ಆಯಾ ಕಾಲದ ಶೈಲಿಗಳನ್ನು ಸ್ವೀಕರಿಸಿದೆ ಎಂದು ಸ್ಪಷ್ಟಪಡಿಸಿತು.

ನಮ್ಮ ಮುಂದಿರುವ ಪ್ರಶ್ನೆ

ಇದು ಬರಿಯ ಚರಿತ್ರೆಯಲ್ಲ. ನಮ್ಮ ಹಳ್ಳಿಗಳಲ್ಲಿ ಚಿಕ್ಕ ಆಲಯಗಳನ್ನು ಕಟ್ಟುವ, ಹಳೆಯದನ್ನು ಕೆಡವುವ ಮಾತು ಆಗಾಗ ಬರುತ್ತದೆ. ಬಡ ಕುಟುಂಬಗಳು ಕೂಲಿಯಲ್ಲಿ ಉಳಿಸಿ ಕೊಡುವ ಹಣ ಅದು. ಚಿತ್ರದಲ್ಲಿ ಕಂಡ ಚೂಪು ಗೋಪುರವನ್ನು ಸಿಮೆಂಟಿನಲ್ಲಿ ಎತ್ತಿ, ಒಳಗೆ ಮೇ ತಿಂಗಳ ಧಗೆಯಲ್ಲಿ ಮುದುಕರೂ ಹಸುಗೂಸುಗಳೂ ಬೇಯುವಂತಾದರೆ ಆ ಹಣಕ್ಕೆ ನ್ಯಾಯ ಸಲ್ಲಿಸಿದಂತಾಗುವುದೇ? ಎರವಲು ತರುವುದು ತಪ್ಪಲ್ಲ, ಎಲ್ಲರೂ ತಂದಿದ್ದಾರೆ. ಆದರೆ ವಿಚಾರಿಸದೆ ತರಬಾರದು.

ಆದ್ದರಿಂದ ಪಾಲನಾ ಸಮಿತಿಗಳು ನಕ್ಷೆಗೆ ಒಪ್ಪಿಗೆ ಕೊಡುವ ಮುಂಚೆ ಅದೇ ಮೂರು ಪ್ರಶ್ನೆಗಳನ್ನು ಕೇಳಲಿ. ನಮ್ಮೂರಿನ ಕಲ್ಲು, ನಮ್ಮೂರಿನ ಗೌಂಡಿಯ ಕೈ ಇಲ್ಲಿ ಬಳಕೆಯಾಗುತ್ತದೆಯೇ? ಕುಂಟರು, ವೃದ್ಧರು, ಮಕ್ಕಳು ಸೇರಿ ಎಲ್ಲರೂ ಒಳಗೆ ತಂಪಾಗಿ ಕೂಡಬಹುದೇ? ಹೊರಗೆ ನಿಂತು ನೋಡಿದವರಿಗೆ ಇದು ನಮ್ಮ ಅಂತಸ್ತನ್ನು ತೋರುತ್ತದೆಯೇ, ನಮ್ಮ ವಿಶ್ವಾಸವನ್ನು ತೋರುತ್ತದೆಯೇ? ಹಳೆಯ ಕಟ್ಟಡವಿದ್ದರೆ ದುರಸ್ತಿ ಸಾಧ್ಯವೇ ಎಂದು ಮೊದಲು ನೋಡಲಿ. ಕೆಡವಲೇಬೇಕಾದರೆ ಫೋಟೊ ತೆಗೆದು, ಯಾರು ಯಾವಾಗ ಕಟ್ಟಿದರೆಂದು ಹಿರಿಯರಿಂದ ಕೇಳಿ ಬರೆದಿಡಲಿ.

ಪೋಷಕರೇ, ರಜೆಯಲ್ಲಿ ಮಕ್ಕಳನ್ನು ಇಟಗಿಗೆ, ಹಿರೇಬೆಣಕಲ್ಲಿಗೆ ಕರೆದೊಯ್ಯಿರಿ. ಕಲ್ಲಿನ ಮೇಲೆ ಹೆಸರು ಕೆತ್ತಬಾರದೆಂದು ಹೇಳಿಕೊಡಿ. ಬೇರೆಯವರ ಆರಾಧನಾಲಯವನ್ನು ಗೌರವದಿಂದ ನೋಡಲು ಕಲಿತ ಮಗು ತನ್ನ ಆಲಯವನ್ನೂ ಗೌರವಿಸುತ್ತದೆ.

ದೇವರ ಆಲಯ ನೀವೇ ಎಂದು ಸಂತ ಪೌಲರು ಕೊರಿಂಥದವರಿಗೆ ನೆನಪಿಸಿದ್ದನ್ನು ನಾವು ಈ ಹಬ್ಬದಂದು ಕೇಳುತ್ತೇವೆ. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲಿಗೆ ಆಸರೆ; ಒಂದು ಜಾರಿದರೆ ಎಲ್ಲವೂ ಬೀಳುತ್ತವೆ. ಕುಟುಂಬವೂ ಧರ್ಮಕೇಂದ್ರವೂ ಹಾಗೆಯೇ. ನಾವು ಒಬ್ಬರಿಗೊಬ್ಬರು ಆಸರೆಯಾಗಿ ನಿಲ್ಲೋಣ. ಆಗ ನಾವು ಕಟ್ಟುವ ಆಲಯ ಚಿಕ್ಕದಾದರೂ ಗಟ್ಟಿಯಾಗಿರುತ್ತದೆ.