ಪುದೀನ-ನಿಂಬೆಯ ಪಾನಕವೂ ರಮ್ಮಿನ ಪ್ರಶ್ನೆಯೂ

ಬಳ್ಳಾರಿಯ ಬೇಸಗೆಯನ್ನು ಕಂಡವರಿಗೆ ಅದನ್ನು ವರ್ಣಿಸಬೇಕಾದುದಿಲ್ಲ. ಕಾಣದವರಿಗೆ ವರ್ಣಿಸಿ ತಿಳಿಸುವುದು ಸಾಧ್ಯವಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಕೋಟೆಯ ಗುಡ್ಡವು ಹಗಲೆಲ್ಲ ಹೀರಿದ ಬಿಸಿಲನ್ನು ರಾತ್ರಿಯ ಹೊತ್ತು ಊರಿನ ಮೇಲೆ ಕಾರುತ್ತದೆ. ಸಿರುಗುಪ್ಪದ ಸಮೀಪದಲ್ಲಿ ತುಂಗಭದ್ರೆ ಇದ್ದರೂ, ಕಾಲುವೆಯ ನೀರು ನಿಂತ ತಿಂಗಳುಗಳಲ್ಲಿ ಅಲ್ಲಿಯ ಎರೆಯ ಹೊಲಗಳು ಬಾಯಿಬಿಡುತ್ತವೆ. ಇನ್ನು ಕುರುಗೋಡಿನಲ್ಲಿ ಸುಮಾರು ೧೨ ಅಡಿ ಎತ್ತರದ ದೊಡ್ಡಬಸವಣ್ಣನೊಬ್ಬನು ಗುಡಿಯ ನೆರಳಿನಲ್ಲಿ ಸುಖವಾಗಿ ಕುಳಿತಿದ್ದಾನೆ. ಉಳಿದವರೆಲ್ಲರೂ ಕಲ್ಲುಗುಡ್ಡಗಳ ಕಾವಿಗೆ ಮೈಯೊಡ್ಡಿದವರೇ. ಇಂಥ ಸೀಮೆಯಲ್ಲಿ "ಸಂಜೆಗೆ ಏನು ಕುಡಿಯೋಣ?" ಎಂಬ ಪ್ರಶ್ನೆಯು ಅರ್ಧಕ್ಕರ್ಧ ವೈದ್ಯಕ್ಕೆ ಸೇರಿದುದು.

ಮಜ್ಜಿಗೆ, ಅಂಬಲಿ, ಬೆಲ್ಲದ ಪಾನಕ, ಇವು ಆ ಪ್ರಶ್ನೆಗೆ ನಮ್ಮ ಹಿರಿಯರು ಕೊಟ್ಟ ಉತ್ತರಗಳು. ಈಚೆಗೆ ಈ ಸಾಲಿನಲ್ಲಿ ಮತ್ತೊಂದು ಹೆಸರು ಕೇಳಿಬರುತ್ತಿದೆ. ಬೆಂಗಳೂರಿನಲ್ಲಿ ಉದ್ಯೋಗಕ್ಕಿರುವ ಮಕ್ಕಳು ರಜೆಗೆ ಊರಿಗೆ ಬಂದಾಗ 'ಮೊಹಿಟೋ' ಎಂಬ ಪಾನೀಯವನ್ನು ಮನೆಯಲ್ಲಿಯೇ ಮಾಡಬೇಕೆನ್ನುತ್ತಾರೆ; ಅದರಲ್ಲಿ ರಮ್ಮು ಬೀಳುವುದೆಂದು ತಿಳಿದೊಡನೆ ಮನೆಯ ಹಿರಿಯರ ಮುಖ ಬಿಗಿಯುತ್ತದೆ. ಆ ಬಿಗುವಿಗೆ ಕಾರಣವಿದೆ. ಪಾನೀಯದಲ್ಲಿ ಗುಣವೂ ಇದೆ. ಎರಡನ್ನೂ ಬಿಡಿಸಿ ನೋಡುವೆವು.

ಮೊಹಿಟೋ ಕ್ಯೂಬಾ ದ್ವೀಪದ್ದು. ಬಿಳಿಯ ರಮ್ಮು, ನಿಂಬೆಯ ರಸ, ಪುದೀನ, ಸಕ್ಕರೆ, ಸೋಡಾ, ಇವಿಷ್ಟೇ ಅದರ ಸಾಮಗ್ರಿ. ೧೯೨೦ರಿಂದ ೧೯೩೩ರವರೆಗೆ ಅಮೆರಿಕದಲ್ಲಿ ಪಾನನಿರೋಧವಿದ್ದಾಗ ಬಾಯಾರಿದ ಅಮೆರಿಕನ್ನರು ಸಮುದ್ರವನ್ನು ದಾಟಿ ಹವಾನಾ ನಗರಕ್ಕೆ ಹೋಗುತ್ತಿದ್ದರು; ಕ್ಯೂಬಾದ ಪಾನೀಯಗಳ ಹೆಸರು ಹೊರಗೆ ಹಬ್ಬಿದುದಕ್ಕೆ ಅದೂ ಒಂದು ಕಾರಣ. ರಮ್ಮೆಂಬುದು ಸಕ್ಕರೆಯನ್ನು ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಬರಿಸಿ ಭಟ್ಟಿಯಿಳಿಸಿದ ಮದ್ಯ. ಕಬ್ಬಾದರೂ ಆ ದ್ವೀಪಗಳ ಸ್ವಂತದ ಬೆಳೆಯಲ್ಲ. ಪೂರ್ವದೇಶಗಳ ಈ ಬೆಳೆಯನ್ನು ಕೊಲಂಬಸನು ೧೪೯೩ರಲ್ಲಿ ಹೊರಟ ತನ್ನ ಎರಡನೆಯ ಯಾನದಲ್ಲಿ ಆ ಕಡೆಗೆ ಒಯ್ದನು. ಬೆಲ್ಲದಿಂದ ಮದ್ಯವನ್ನು ಮಾಡುವುದು ನಮ್ಮ ದೇಶಕ್ಕೂ ಹೊಸದಲ್ಲ. ಮನುಸ್ಮೃತಿಯು ಹೆಸರಿಸಿ ನಿಷೇಧಿಸುವ ಮೂರು ಬಗೆಯ ಸುರೆಗಳಲ್ಲಿ 'ಗೌಡೀ' ಎಂಬುದು ಬೆಲ್ಲದ್ದೇ. ಹೊಸಪೇಟೆ, ಕಂಪ್ಲಿ, ಸಿರುಗುಪ್ಪಗಳ ಕಡೆಯ ಕಬ್ಬಿನ ಗದ್ದೆಗಳನ್ನು ಕಂಡವರಿಗೆ ರಮ್ಮು ದೂರದ ನೆಂಟನಂತೆ ತೋರಿದರೆ ತಪ್ಪಿಲ್ಲ. ಆದರೆ ನೆಂಟನೆಂದ ಮಾತ್ರಕ್ಕೆ ಉಗ್ರಾಣದ ಬೀಗದಕೈಯನ್ನು ಕೊಡಬೇಕಾದುದಿಲ್ಲ.

ಹಿರಿಯರ ಬಿಗುವಿನ ಕಾರಣವನ್ನು ಹೇಳುವೆವು. ಬಳ್ಳಾರಿಯು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ಸಂಸ್ಥಾನಕ್ಕೆ ಸೇರುವ ಮೊದಲು ಮದರಾಸು ಪ್ರಾಂತದಲ್ಲಿತ್ತು. ಆ ಪ್ರಾಂತದಲ್ಲಿ ೧೯೪೮ರ ಅಕ್ಟೋಬರ್ ೨ರಿಂದ ಸಂಪೂರ್ಣ ಪಾನನಿರೋಧವು ನಡೆಯಿತು. ಮುಂದೆ ಅಂಗಡಿಗಳು ತೆರೆದವು. ಕೂಲಿಯ ಹಣವು ಮನೆಯನ್ನು ಮುಟ್ಟುವ ಮೊದಲೇ ಸಾರಾಯಿಯ ಅಂಗಡಿಯಲ್ಲಿ ಕರಗಿ, ಮಕ್ಕಳು ಬರಿಹೊಟ್ಟೆಯಲ್ಲಿ ಮಲಗಿದ ರಾತ್ರಿಗಳನ್ನು ಮರೆಯದ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು ನಿಂತಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಅಗ್ಗದ ರಮ್ಮು ವಿಸ್ಕಿಗಳು ಆ ಸ್ಥಾನಕ್ಕೆ ಬಂದು ಕುಳಿತವು. ಆದ್ದರಿಂದ ಸೀಸೆಯನ್ನು ನೋಡಿ ತಾಯಿಯೊಬ್ಬಳು ಹುಬ್ಬು ಗಂಟಿಕ್ಕಿದರೆ ಅದನ್ನು ಹಳೆಯ ಕಾಲದ ಮಡಿವಂತಿಕೆಯೆಂದು ನಗುವುದು ಅವಿವೇಕ. ಆಚಾರದಿಂದಲೋ ಮನಸ್ಸಿನಿಂದಲೋ ಮದ್ಯವನ್ನು ಹೊಸ್ತಿಲೊಳಕ್ಕೆ ಬಿಡದ ಮನೆಗಳೊಡನೆ ನಮಗೆ ವಾದವಿಲ್ಲ. ಅಂಥವರೂ ಮುಂದಿನ ಭಾಗವನ್ನು ಅವಶ್ಯವಾಗಿ ಓದಬೇಕು; ಏಕೆಂದರೆ ಈ ಪಾನೀಯದಲ್ಲಿ ದಾಹವನ್ನು ತಣಿಸುವುದೆಲ್ಲವೂ ರಮ್ಮನ್ನು ಬಿಟ್ಟು ಉಳಿದ ಭಾಗದಲ್ಲಿಯೇ ಇದೆ.

ಮೊದಲು ನೀರು. ಬಳ್ಳಾರಿಯ ಗಾಳಿ ಒಣಗಾಳಿ. ಗಡಿಗೆಯ ಮೈಯಿಂದ ನೀರು ಬೇಗ ಆರುವುದರಿಂದ ಒಳಗಿನ ನೀರು ಚೆನ್ನಾಗಿ ತಣಿಯುತ್ತದೆ. ಕಡಲ ತೀರದ ಊರುಗಳಲ್ಲಿ ಗಡಿಗೆಗೆ ಈ ಬಲವಿಲ್ಲ. ಹಸಿಯ ಮರಳಿನ ಮೇಲೆ ಗಡಿಗೆಯನ್ನಿಟ್ಟು, ಒದ್ದೆಬಟ್ಟೆ ಸುತ್ತಿ, ಗಾಳಿಯಾಡುವ ಕಡೆ ಇರಿಸಿದರೆ ಸಂಜೆಗೆ ಬೇಕಾದಷ್ಟು ತಂಪು ಸಿಕ್ಕುತ್ತದೆ. ಮಂಜುಗಡ್ಡೆ ಬೇಕೆಂದರೆ ಕಾಯಿಸಿ ಆರಿಸಿದ ನೀರಿನಿಂದ ಮನೆಯ ಶೀತಪೆಟ್ಟಿಗೆಯಲ್ಲಿಯೇ ಮಾಡಿಕೊಳ್ಳತಕ್ಕದ್ದು. ಗೋಣಿಯಲ್ಲಿ ಸುತ್ತಿ ತಂದ ಬಜಾರಿನ ಗಡ್ಡೆಯ ನೀರು ಎಲ್ಲಿಯದೆಂದು ಬಲ್ಲವರಾರು?

ನಾಲ್ಕು ಲೋಟಗಳಿಗೆ ರಸಭರಿತವಾದ ಆರು ನಿಂಬೆಹಣ್ಣುಗಳು ಸಾಕು. ಹಣ್ಣನ್ನು ಅಂಗೈಯಡಿ ಹೊರಳಿಸಿ, ಹೆಚ್ಚಿ, ಬೀಜ ತೆಗೆದು ಹಿಂಡಬೇಕು. ಸಿಪ್ಪೆಯನ್ನು ಹಿಂಡಿ ಹಿಪ್ಪೆಮಾಡಿದರೆ ಕಹಿ ಇಳಿಯುವುದು. ರಸವನ್ನು ಗಾಜಿನ ಇಲ್ಲವೇ ಪಿಂಗಾಣಿಯ ಪಾತ್ರೆಯಲ್ಲಿಡಿ. ಕಲಾಯಿಯಿಲ್ಲದ ಹಿತ್ತಾಳೆ ತಾಮ್ರಗಳು ಹುಳಿಗೆ ಕಿಲುಬೇಳುತ್ತವೆ. ಸಕ್ಕರೆಯು ತಣ್ಣೀರಿನಲ್ಲಿ ಬೇಗ ಕರಗದೆ ತಳದಲ್ಲಿ ಕೂರುವುದರಿಂದ, ಒಂದು ಬಟ್ಟಲು ಸಕ್ಕರೆಗೆ ಒಂದು ಬಟ್ಟಲು ನೀರು ಹಾಕಿ, ಕರಗುವಷ್ಟು ಕಾಯಿಸಿ, ಆರಿಸಿಟ್ಟುಕೊಳ್ಳುವುದು ಲೇಸು. ಈ ಪಾಕ ಲೋಟಕ್ಕೆ ನಾಲ್ಕು ಚಮಚ. ಬೆಲ್ಲವನ್ನು ಬಳಸುವವರು ಬಳಸಬಹುದು. ಬಣ್ಣ ಮಾಸಿದರೂ ರುಚಿ ಗಂಭೀರವಾಗುತ್ತದೆ, ಮತ್ತು ನಮಗೆ ಅದೇ ಹೆಚ್ಚು ಪ್ರಿಯ.

ಪುದೀನದ ವಿಷಯದಲ್ಲಿ ಗೃಹಿಣಿಯರು ಎರಡು ಮಾತು ನೆನಪಿಡಬೇಕು. ಸಂತೆಯಿಂದ ತಂದ ಕಟ್ಟನ್ನು ಬಿಚ್ಚಿ, ಎರಡು ಮೂರು ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆಯುವುದು ಮೊದಲನೆಯದು. ಎರಡನೆಯದು, ಚಟ್ನಿಗೆ ಅರೆಯುವ ಹಾಗೆ ಅದನ್ನು ಅರೆಯದಿರುವುದು. ಲೋಟಕ್ಕೆ ಹತ್ತು ಎಲೆಗಳಂತೆ ಪಾಕದೊಡನೆ ಹಾಕಿ, ಮರದ ಸೌಟಿನ ಹಿಂಬದಿಯಿಂದ ನಾಲ್ಕಾರು ಸಾರಿ ಒತ್ತಿದರೆ ಪರಿಮಳವೆಲ್ಲ ಹೊರಬರುತ್ತದೆ. ಇನ್ನೂ ಜಜ್ಜಿದರೆ ಬರುವುದು ಒಗರು. ಒತ್ತಿದ ಎಲೆಯ ಮೇಲೆ ನಾಲ್ಕು ಚಮಚ ನಿಂಬೆರಸ, ಚಿಟಿಕೆ ಉಪ್ಪು, ಗಡಿಗೆಯ ನೀರು. ಸೋಡಾ ಹಾಕುವುದಿದ್ದರೆ ಎಲ್ಲಕ್ಕೂ ಕೊನೆಯಲ್ಲಿ, ಮೆಲ್ಲನೆ, ಒಂದೇ ಸುತ್ತು ಕದಡಿ. ಗೋಲಿಸೋಡಾ ಸಿಕ್ಕಿದರೆ ಮಕ್ಕಳಿಗೆ ಗೋಲಿಯ ಸದ್ದಿನಿಂದಲೇ ಅರ್ಧ ದಾಹ ತಣಿಯುವುದು. ಆ ಸೀಸೆಗೆ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತನು ೧೮೭೨ರಲ್ಲಿ ಹಕ್ಕುಪತ್ರ ಪಡೆದನು. ಅವನ ದೇಶ ಅದನ್ನು ಕೈಬಿಟ್ಟಿತು, ನಾವು ಬಿಡಲಿಲ್ಲ.

ಪುದೀನವು ತಂಪೆಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ಈ ಜಾತಿಯ ಗಿಡಗಳಲ್ಲಿ ಹೆಚ್ಚುಕಡಿಮೆಯಾಗಿ ಇರುವ ಮೆಂಥಾಲೆಂಬ ದ್ರವ್ಯವು ಶೀತವನ್ನರಿಯುವ ನರಗಳನ್ನು ಕೆಣಕುವುದರಿಂದ ಬಾಯಿ ತಣ್ಣಗಾದಂತೆ ತೋರುತ್ತದೆ. ಮೈಯ ಕಾವು ಅದರಿಂದ ಇಳಿಯುವುದಿಲ್ಲ. ಮೈಯನ್ನು ಕಾಯುವುದು ನೀರು, ಉಪ್ಪು, ಸಕ್ಕರೆ. ಹೊಲದಲ್ಲಿ ಬೆವರಿ ಬಸವಳಿದು ಬಂದವರಿಗೆ ಈ ಸೊಗಸೆಲ್ಲ ಬೇಡ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಸಮತಟ್ಟಾಗಿ ಅಳೆದು ಕರಗಿಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಬೆವರು ನಿಂತು ಮೈ ಸುಡುತ್ತಿದ್ದರೆ, ಮಾತು ತಡವರಿಸಿದರೆ, ಒದ್ದೆಬಟ್ಟೆಯಿಂದ ಮೈಯೊರಸುತ್ತಾ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಇನ್ನು ರಮ್ಮು. ನಮ್ಮ ಅಂಗಡಿಗಳ ರಮ್ಮಿನಲ್ಲಿ ನೂರಕ್ಕೆ ೪೨.೮ ಪಾಲು ಮದ್ಯಸಾರ. ೩೦ ಮಿಲಿಲೀಟರಿನಲ್ಲಿ ಸುಮಾರು ೧೦ ಗ್ರಾಂ ಶುದ್ಧ ಮದ್ಯಸಾರವು ಹೊಟ್ಟೆಗೆ ಹೋಗುತ್ತದೆ; ಹೋಟೆಲಿನ ಲೆಕ್ಕದ ಲೋಟದಲ್ಲಿ ಇದರ ಒಂದೂವರೆಯಷ್ಟು ಇರುವುದು. ಮದ್ಯಸಾರವು ಮೂತ್ರವನ್ನು ಹೆಚ್ಚಿಸಿ ಮೈಯ ನೀರನ್ನು ಹೊರಕ್ಕೆ ಕಳಿಸುತ್ತದೆ. ಹಗಲಿನ ಬೆವರಿನ ಮೇಲೆ ಇದೂ ಸೇರಿದರೆ ದಾಹ ತೀರಿತೆಂಬ ಭ್ರಮೆಯಲ್ಲಿ ಮೈ ಒಣಗುವುದು. ಇದೇ ನಾವು ಹೇಳಬೇಕೆಂದಿದ್ದ ಮುಖ್ಯ ಸಂಗತಿ. ಆದುದರಿಂದ ಕುಡಿಯುವ ವಯಸ್ಕರು ಮೊದಲು ರಮ್ಮಿಲ್ಲದ ಪಾನಕವನ್ನು ದಾಹ ತೀರುವಷ್ಟು ಕುಡಿದು, ಹೊತ್ತು ಮುಳುಗಿದ ಮೇಲೆ, ಊಟದ ಜೊತೆಗೆ, ೩೦ ಮಿಲಿಲೀಟರನ್ನು ಅಳೆದು ಹಾಕಿಕೊಂಡರೆ ಒಂದು ಲೋಟಕ್ಕೆ ನಿಲ್ಲಿಸಲಿ. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳ ಜೊತೆಗೆ ಕುಳಿತರೆ ಖಾರವು ಎರಡನೆಯ ಲೋಟವನ್ನು ಕೇಳುತ್ತದೆ. ಆಗ ಕೈ ಗಡಿಗೆಯ ಕಡೆಗೆ ಹೋಗಲಿ. ಗರ್ಭಿಣಿಯರಿಗೆ ಇದು ಕೂಡದು. ಸಕ್ಕರೆ ಕಾಯಿಲೆಗೋ ನಿದ್ರೆಗೋ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಉಂಡು ಬಳ್ಳಾರಿಯಿಂದ ಕುರುಗೋಡಿಗೆ ಗಾಡಿಯಲ್ಲಿ ಮರಳಬೇಕಾದ ನೆಂಟನಿಗೆ ರಮ್ಮನ್ನು ಕೊಡುವುದು ಸತ್ಕಾರವಲ್ಲ. ೧೦೦ ಮಿಲಿಲೀಟರ್ ರಕ್ತದಲ್ಲಿ ೩೦ ಮಿಲಿಗ್ರಾಂ ಮೀರಿದರೆ ಕಾನೂನು ಹಿಡಿಯುತ್ತದೆ. ಲಾರಿಯ ಚಕ್ರವಂತೂ ಲೆಕ್ಕವನ್ನೇ ನೋಡುವುದಿಲ್ಲ.

ಎಲ್ಲಕ್ಕೂ ಮಿಗಿಲಾದ ಕಟ್ಟಳೆಯೊಂದಿದೆ: ರಮ್ಮು ಹೂಜಿಗೆ ಬೀಳಕೂಡದು, ಕುಡಿಯುವವನ ಲೋಟಕ್ಕೆ ಮಾತ್ರ ಬೀಳಬೇಕು. ಬಿಳಿಯ ರಮ್ಮಿಗೆ ಬಣ್ಣವಿಲ್ಲ; ಪುದೀನ ನಿಂಬೆಗಳು ಅದರ ವಾಸನೆಯನ್ನೂ ಮುಚ್ಚುತ್ತವೆ. ಆಟದಿಂದ ಓಡಿಬಂದ ಹುಡುಗನು ಹೂಜಿಯನ್ನೆತ್ತಿ ಗಟಗಟನೆ ಕುಡಿಯುವನು. ದೊಡ್ಡವರಿಗೆ ಹಗುರವೆನಿಸುವ ಪ್ರಮಾಣವು ಎಳೆಯ ಮೈಯ ಸಕ್ಕರೆಯನ್ನು ಕುಗ್ಗಿಸಿ ಪ್ರಜ್ಞೆ ತಪ್ಪಿಸಬಲ್ಲದು. ವಯಸ್ಕರ ಲೋಟವು ಬೇರೆಯ ಆಕಾರದ್ದಾಗಿರಲಿ, ಸೀಸೆಗೆ ಬೀಗವಿರಲಿ. ಮನೆಯಲ್ಲಿ ಮಾಡುವುದೆಂದರೆ ಬೆರಸುವುದೆಂದೇ ಅರ್ಥ, ಭಟ್ಟಿಯಿಳಿಸುವುದು ಅಪರಾಧ. ಕಳ್ಳಭಟ್ಟಿಯ ಮದ್ಯದಲ್ಲಿ ಸೇರುವ ಮೆಥನಾಲೆಂಬ ವಿಷವು ಕಣ್ಣನ್ನೂ ಪ್ರಾಣವನ್ನೂ ಕಳೆಯುತ್ತದೆ.

ಎಲೆ ಬಿಡಿಸಿದ ಪುದೀನದ ಕಡ್ಡಿಗಳನ್ನು ಬಿಸಾಡಬೇಡಿ. ಒಂದು ಲೋಟ ನೀರಿನಲ್ಲಿ ನಿಲ್ಲಿಸಿ ನೆರಳಿನಲ್ಲಿಟ್ಟರೆ ವಾರ ಹತ್ತು ದಿನಗಳಲ್ಲಿ ಬೇರು ಬಿಡುತ್ತವೆ. ಅವನ್ನು ಒಡೆದ ಗಡಿಗೆಯಲ್ಲಿ ನೆಟ್ಟು, ಬಚ್ಚಲ ಹಿಂದಿನ ಅರೆನೆರಳಿನಲ್ಲಿರಿಸಿ, ಮಣ್ಣು ಒಣಗದಂತೆ ನೀರೆರೆದರೆ, ಮುಂದಿನ ಕಟ್ಟಿಗಾಗಿ ಸಂತೆಗೆ ಹೋಗಬೇಕಾದುದಿಲ್ಲ.